ಮುಚ್ಚಿದ ಮಗ್ಗದ ಕುಣಿ

“ಉಲ್ಲು ಅಲ್ಲಬೇ, ವುಲ್. ತುಟಿ ಮುಂದ ತಂದು ಅನ್ನು.”

ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಯ ರೇಣುಕಾ ತನ್ನ ಅಜ್ಜಿ ಹನುಮವ್ವನಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಉಣ್ಣೆಗೆ ಸಂಬಂಧಿಸಿದ ಪದಗಳ ಉಚ್ಚಾರ, ಅರ್ಥ ಎರಡನ್ನೂ ಅವಳು ಮರುದಿನ ಶಾಲೆಯಲ್ಲಿ ಹೇಳಬೇಕಿತ್ತು. ನಾನು ಅವರ ಪಡಸಾಲೆಯಲ್ಲಿ ಕುಳಿತು ತಿದ್ದುತ್ತಿದ್ದೆ.

“ಹಲ್ಲಿಲ್ಲದ ಬಾಯಿಗೆ ಎಷ್ಟ ತ್ರಾಸ ಕೊಡ್ತಿಯೇ ಹುಡುಗಿ!” ಎಂದು ನಗುತ್ತಲೇ ಅಜ್ಜಿ ಒಂದೊಂದು ಪದಕ್ಕೂ ಒಳಗಿನಿಂದ ಏನಾದರೂ ತಂದು ತೋರಿಸುತ್ತಿದ್ದರು. ಶಿಯರ್ಸ್ ಎಂದಾಗ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಬಂತು. ಯಾರ್ನ್ ಎಂದಾಗ ಕರಿ ನೂಲಿನ ಉಂಡೆ ಬಂತು.

ಲೂಮ್ ಎಂದರೆ ಕಂಬಳಿ ನೇಯುವ ಮಗ್ಗ ಎಂದೆ. ಅಜ್ಜಿ ಒಳಗೆ ಹೋಗಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಮಗನ ಬೈಕ್ ನಿಂತಿದ್ದ ಟೈಲ್ಸ್ ಮೇಲೆ ಹೋಗಿ ನಿಂತರು.

“ನಿಮ್ಮ ಮುತ್ಯಾ ಕಾಲು ಇಳಿಬಿಟ್ಟು ಕುಂತು ನೇಯತಿದ್ದ ಮಗ್ಗದ ಕುಣಿ ಇಲ್ಲೇ ಇತ್ತು. ನೀ ಆಗ ಹೆಜ್ಜಿ ಇಡಾಕತ್ತಿದ್ದಿ. ಕುಣ್ಯಾಗ ಬಿದ್ದೀಯಂತ ಅಂಜಿ ನಾನ ಮಣ್ಣು ಹಾಕ್ಸಿದೆ. ಕೂಸು ದೊಡ್ಡದಾಗ್ಲಿ, ಮತ್ತ ತೋಡಿದ್ರಾತು ಅಂದಿದ್ದ ಮುತ್ಯಾ.”

ಮುತ್ಯಾ, ಅಂದರೆ ರೇಣುಕಾಳ ಅಜ್ಜ, ತೀರಿಹೋಗಿ ವರ್ಷಗಳಾಗಿವೆ. ಆ ಮನೆಯಲ್ಲಿ ನೇಯಲು ಬರುತ್ತಿದ್ದುದು ಆತನೊಬ್ಬನಿಗೇ.

“ಈಗ ತೋಡೋಣೇನಬೇ?” ಎಂದಳು ರೇಣುಕಾ.

“ತೋಡಿದ್ರ ಅದ್ರಾಗ ಕುಂದ್ರಾವ್ರು ಯಾರವ್ವಾ?”

ಮರುದಿನ ರೇಣುಕಾ ಎಲ್ಲ ಪದಗಳನ್ನೂ ಸರಿಯಾಗಿ ಹೇಳಿದಳಂತೆ. ನಾನು ಮಾತ್ರ ಈಗಲೂ ಆ ಬೈಕಿನ ಪಕ್ಕ ಹಾಯುವಾಗ, ನೆಲದಲ್ಲಿ ಕುಣಿ ತೆರೆದೇ ಇದೆಯೇನೋ ಎಂಬಂತೆ ಸುತ್ತಿಕೊಂಡು ಹೋಗುತ್ತೇನೆ.