ನನ್ನ ಎರಡು ಕಿಲೋಮೀಟರು

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನನ್ನ ಪಕ್ಕ ಹನ್ನೊಂದು ಕಾರುಗಳು ಬಂದು ನಿಂತವು. ನಾನು ಯಾವುದಕ್ಕೂ ಕೈ ಅಡ್ಡ ಹಿಡಿದಿರಲಿಲ್ಲ. ಬೆನ್ನಿಗೊಂದು ಚೀಲ ಹಾಕಿಕೊಂಡು ರಸ್ತೆಯ ಅಂಚಿನಲ್ಲಿ ನನ್ನ ಪಾಡಿಗೆ ನಡೆಯುತ್ತಿದ್ದೆ. ಕಿಟಕಿಯ ಗಾಜು ಇಳಿಯುತ್ತಿತ್ತು, ಸಲಾಂ ಆಗುತ್ತಿತ್ತು, ಆಮೇಲೆ ಅದೇ ಪ್ರಶ್ನೆ: ಕಾರು ಎಲ್ಲಿ? ಕಾರಿಲ್ಲ ಎಂದರೆ ಹತ್ತು ಎನ್ನುತ್ತಿದ್ದರು. ಹತ್ತುವುದಿಲ್ಲ ಎಂದರೆ ನೀರಿನ ಬಾಟಲಿ ಕೊಡುತ್ತಿದ್ದರು. ಒಬ್ಬರಂತೂ ಒಂದು ಪೆಟ್ಟಿಗೆ ಖರ್ಜೂರವನ್ನೇ ಕೈಗಿತ್ತು ಹೋದರು. ಅದನ್ನು ಹೊತ್ತುಕೊಂಡು ಉಳಿದ ದಾರಿ ಮುಗಿಸುವಷ್ಟರಲ್ಲಿ ಅವರ ಉಪಕಾರಕ್ಕೆ ನನ್ನ ತೋಳು ಸೋತುಹೋಗಿತ್ತು.

ಅದು ಅಬುಧಾಬಿ ನಗರದಿಂದ ಎರಡೂವರೆ ಗಂಟೆ ದೂರದ, ಲಿವಾ ಕಡೆಯ ಒಂದು ಹಳ್ಳಿ. ಒಂದು ಪಕ್ಕ ಖರ್ಜೂರದ ತೋಟಗಳು, ಇನ್ನೊಂದು ಪಕ್ಕ ಮರಳಿನ ದಿಬ್ಬಗಳು, ನಡುವೆ ರಸ್ತೆ. ಅಲ್ಲಿನ ಸಣ್ಣ ಕ್ಲಿನಿಕ್ಕಿಗೆ ಫಿಸಿಯೋಥೆರಪಿಸ್ಟ್ ಆಗಿ ಬಂದಾಗ ನನಗೆ ಇಪ್ಪತ್ತಾರು. ಕಂಪನಿ ಕೊಟ್ಟ ಕೋಣೆಯಿಂದ ಕ್ಲಿನಿಕ್ಕಿಗೆ ಎರಡು ಕಿಲೋಮೀಟರು. ಸಿಬ್ಬಂದಿಗೆಂದು ವ್ಯಾನ್ ಇತ್ತು. ಉಡುಪಿಯ ಹತ್ತಿರದ ನಮ್ಮೂರಿನಲ್ಲಿ ಬಸ್ಸು ಹಿಡಿಯಲು ದಿನಾ ಅದಕ್ಕಿಂತ ಹೆಚ್ಚು ನಡೆದವಳು ನಾನು. ಇಷ್ಟಕ್ಕೆ ವ್ಯಾನೇ ಎಂದು ನಗು ಬಂತು. ಅದೂ ಅಲ್ಲದೆ, ದಿನಕ್ಕೆ ಹತ್ತು ಹನ್ನೆರಡು ಜನರಿಗೆ ನಡೆಯಿರಿ, ನಡೆಯಿರಿ ಎಂದು ಹೇಳಿ ಸಂಬಳ ತೆಗೆದುಕೊಳ್ಳುವವಳು ತಾನು ಮಾತ್ರ ವ್ಯಾನಿನಲ್ಲಿ ಬಂದಿಳಿಯುವುದು ನನಗೆ ಸರಿ ಕಾಣಲಿಲ್ಲ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಬಡಾವಣೆಯಲ್ಲಿರುವ ಚಿಕ್ಕಮ್ಮನಿಗೆ ಇದು ಗೊತ್ತಾದಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. ಎದುರು ಬೀದಿಯ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರಲೂ ಕಾರು ತೆಗೆಯುವವರು ಅವರು. ನಿನಗೆ ಬಿಸಿಲು ಬಡಿಯುತ್ತದೆ ಎಂದು ಅವರ ಮಕ್ಕಳು ಇಂಗ್ಲಿಷಿನಲ್ಲಿ ಎಚ್ಚರಿಸಿದರು. ಆಗ ಜನವರಿ. ಬೆಳಿಗ್ಗೆ ಏಳಕ್ಕೆ ನಾನು ಸ್ವೆಟರ್ ಹಾಕಿಕೊಂಡು ನಡೆಯುತ್ತಿದ್ದೆ.

ಆದರೆ ಒಂದು ತಪ್ಪು ಮಾಡಿದ್ದೆ. ಅದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಯಾಕೆ ನಡೆಯುತ್ತೀಯ ಎಂದು ಕೇಳಿದವರಿಗೆಲ್ಲ ನಾನು ನಿಜವನ್ನೇ ಹೇಳಿದ್ದೆ: ನನಗೆ ನಡೆಯುವುದು ಇಷ್ಟ. ಯಾರೂ ನಂಬಿರಲಿಲ್ಲ. ನಡೆಯುವವರನ್ನು ಕಂಡೂ ಕಾರು ನಿಲ್ಲಿಸದೆ ಹೋಗುವುದು ಆ ಊರಿನಲ್ಲಿ ನಾಚಿಕೆಗೇಡಿನ ಕೆಲಸ. ಅಂಥ ಊರಿನಲ್ಲಿ ಒಬ್ಬಳು ದಿನಾ ನಡೆದೇ ಹೋಗುತ್ತಾಳೆ, ಕೇಳಿದರೆ ಇಷ್ಟ ಅನ್ನುತ್ತಾಳೆ ಎಂದರೆ ಏನರ್ಥ? ಕಂಪನಿ ಗಾಡಿ ಕೊಟ್ಟಿಲ್ಲ, ಪಾಪ, ಕೆಲಸ ಕೊಟ್ಟವರ ಮಾನ ಉಳಿಸಲು ಹುಡುಗಿ ಸುಳ್ಳು ಹೇಳುತ್ತಿದ್ದಾಳೆ ಎಂದು ಊರು ತೀರ್ಮಾನಿಸಿತ್ತು. ಊರಿನ ಗಂಡಸರು ಸೇರುವ ಮಜ್ಲಿಸ್‌ನಲ್ಲಿ ಹಿರಿಯರು ಕೂತು ಈ ಬಗ್ಗೆ ಮರುಗಿದ್ದರಂತೆ. ಕೊನೆಗೆ ಯಾರೋ ಪುಣ್ಯಾತ್ಮರು ಅಬುಧಾಬಿ ನಗರದ ಹಮ್ದಾನ್ ಸ್ಟ್ರೀಟಿನ ನಮ್ಮ ಮುಖ್ಯ ಕಚೇರಿಗೇ ಫೋನು ಮಾಡಿ, ಹೆಣ್ಣುಮಗಳನ್ನು ಮರಳಿನಲ್ಲಿ ನಡೆಸುತ್ತೀರಲ್ಲ, ನೀವೆಂಥ ಜನ ಎಂದು ತರಾಟೆಗೆ ತೆಗೆದುಕೊಂಡರು.

ಕ್ಲಿನಿಕ್ಕಿನ ಮ್ಯಾನೇಜರ್ ಮಂಗಳೂರಿನವರು. ಹೆಂಡತಿಯೊಡನೆ ಫೋನಿನಲ್ಲಿ ಕೊಂಕಣಿ, ನನ್ನೊಡನೆ ಕನ್ನಡ. ಕೆಟ್ಟವರಲ್ಲ, ಮೇಲಿನವರಿಗೆ ಹೆದರಿ ಹೆದರಿ ಅದೇ ಅಭ್ಯಾಸವಾದವರು. ಒಂದು ಗುರುವಾರ ನನ್ನನ್ನು ಕರೆದು ಕೂರಿಸಿದರು.

"ನೋಡಿ, ನಿಮಗೆ ಅದು ವಾಕಿಂಗ್. ಅವ್ರ ಕಣ್ಣಿಗೆ ಅದು ನಮ್ಮ ಕಂಪನಿಯ ಮರ್ಯಾದೆ. ಸೋಮವಾರದಿಂದ ವ್ಯಾನಲ್ಲಿ ಬನ್ನಿ. ಆಗುದಿಲ್ಲ ಅಂತಾದ್ರೆ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಬ್ರಾಂಚಿಗೆ ಹಾಕ್ತಾರೆ. ಅಲ್ಲಿ ಎಷ್ಟು ಬೇಕಾದ್ರೂ ನಡೀರಿ, ಯಾರೂ ಕೇಳುದಿಲ್ಲ."

"ನಾನು ಎಂತ ತಪ್ಪು ಮಾಡಿದ್ದು ಸರ್?"

"ತಪ್ಪು ಎಂತದ್ದೂ ಇಲ್ಲ ಮಾರಾಯ್ರೆ. ಅದೇ ಕಷ್ಟ."

ಎಲೆಕ್ಟ್ರಾ ಸ್ಟ್ರೀಟ್ ಕೆಟ್ಟ ಜಾಗವೇನಲ್ಲ. ಬೀದಿಗಿಳಿದರೆ ಇಡ್ಲಿ ಸಿಗುತ್ತದೆ, ತುಳು ಕೇಳಿಸುತ್ತದೆ, ಚಿಕ್ಕಮ್ಮನ ಮನೆಗೆ ಅರ್ಧ ಗಂಟೆ ಸಾಕು. ಆದರೆ ನನಗೆ ಆ ಹಳ್ಳಿ ಬೇಕಿತ್ತು. ಅಲ್ಲಿ ನಾನೊಬ್ಬಳೇ ಫಿಸಿಯೋ. ಊರಿನ ಸೊಂಟ, ಮೊಣಕಾಲು, ಭುಜಗಳೆಲ್ಲ ನನ್ನವು. ಬೆಳಗಿನ ಆ ಎರಡು ಕಿಲೋಮೀಟರಿನಲ್ಲಿ ನನ್ನನ್ನು ಯಾರೂ ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು ಎಂದು ಕೇಳುತ್ತಿರಲಿಲ್ಲ. ಕಾರು ಎಲ್ಲಿ ಎಂದು ಮಾತ್ರ ಕೇಳುತ್ತಿದ್ದರು. ಹುಟ್ಟಿದಾಗಿನಿಂದ ಕತ್ತಲಾಗುವ ಮೊದಲು ಮನೆ ಸೇರು ಎಂದು ಕೇಳಿ ಬೆಳೆದವಳಿಗೆ ಅದು ಸಣ್ಣ ಸಂಗತಿಯಲ್ಲ. ತಪ್ಪಿಲ್ಲ ಎಂದು ಅವರೇ ಒಪ್ಪಿಕೊಂಡ ಮೇಲೆ ನಾನೇಕೆ ಬಗ್ಗಬೇಕು ಎಂದು ಸಿಟ್ಟು ನೆತ್ತಿಗೇರಿತ್ತು.

ಆ ದಿನದ ಕೊನೆಯ ರೋಗಿ ಒಬ್ಬ ಅಜ್ಜಿ. ಎಪ್ಪತ್ತು ದಾಟಿದ, ಊರಿನ ದೊಡ್ಡ ಮನೆತನದ ಹಿರಿಯಾಕೆ. ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮೂರು ತಿಂಗಳಾಗಿತ್ತು. ಕಾಲುಗಳು ಚೆನ್ನಾಗಿ ಕೂಡಿಕೊಂಡಿದ್ದವು. ಆದರೂ ಗಾಲಿಕುರ್ಚಿಯಲ್ಲೇ ಬರುತ್ತಿದ್ದರು, ಗಾಲಿಕುರ್ಚಿಯಲ್ಲೇ ಹೋಗುತ್ತಿದ್ದರು. ಮನೆಯ ಹಿರಿಯಳನ್ನು ನಡೆಸುವುದೆಂದರೆ ಅವರ ಮಕ್ಕಳಿಗೆ ಅವಮಾನ. ಕುರ್ಚಿ ತಳ್ಳುತ್ತಿದ್ದುದು ಅವರ ಡ್ರೈವರ್, ಕಾಸರಗೋಡಿನ ನಡುವಯಸ್ಸಿನ ಮನುಷ್ಯ. ಅವರು ಅಜ್ಜಿಯ ಅರಬ್ಬಿಯನ್ನು ನನಗೆ ತುಳುವಿನಲ್ಲಿ, ನನ್ನ ತುಳುವನ್ನು ಅಜ್ಜಿಗೆ ಅರಬ್ಬಿಯಲ್ಲಿ ದಾಟಿಸುತ್ತಿದ್ದರು. ನಡೆಯುವುದಕ್ಕೆಂದು ನಾನು ಹೇಳಿ ತರಿಸಿದ ಶೂಗಳು ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಅಜ್ಜಿ ಒಂಟೆಗಳ ಹಿಂದೆ ಮರಳಿನಲ್ಲಿ ದಿನಗಟ್ಟಲೆ ನಡೆದು ಸಮುದ್ರತೀರ ಮುಟ್ಟುತ್ತಿದ್ದರಂತೆ. ನಾನು ನಡೆಯಿರಿ ಎಂದಾಗಲೆಲ್ಲ ಅವರದು ಒಂದೇ ಉತ್ತರ. ನಾನು ನಡೆಯಬೇಕಾದ್ದನ್ನೆಲ್ಲ ಹುಡುಗಿಯಾಗಿದ್ದಾಗಲೇ ನಡೆದು ಮುಗಿಸಿದ್ದೇನೆ, ಖಲಾಸ್.

ಅಂದು ನಾನು ಬಿಗಿದ ಮುಖದಲ್ಲೇ ಇದ್ದೆ. ಏನಾಯಿತೆಂದು ಅಜ್ಜಿ ಡ್ರೈವರ್ ಮೂಲಕ ಕೇಳಿಸಿದರು. ಹೇಳಿಬಿಟ್ಟೆ. ಸೋಮವಾರದಿಂದ ವ್ಯಾನ್ ಹತ್ತದೆ ನಡೆದರೆ ನನ್ನನ್ನು ಇಲ್ಲಿಂದ ಎತ್ತಂಗಡಿ ಮಾಡುತ್ತಾರೆ, ನಿಮ್ಮ ಊರಿನವರ ದಯೆಯಿಂದ ಎಂದೆ. ಕೊನೆಯ ಮಾತನ್ನು ಡ್ರೈವರ್ ನುಂಗಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಅದನ್ನೂ ದಾಟಿಸಿದರು. ಅಜ್ಜಿ ಕುರ್ಚಿ ತಿರುಗಿಸಲು ಸನ್ನೆ ಮಾಡಿದರು. ಕೋಪ ಬಂದಿರಬೇಕು ಎಂದುಕೊಂಡೆ. ಬರಲಿ ಎಂದೂ ಅಂದುಕೊಂಡೆ.

ಸೋಮವಾರ ಬೆಳಿಗ್ಗೆ ವ್ಯಾನ್ ಬರುವ ಕಾಲು ಗಂಟೆ ಮೊದಲೇ ಕೋಣೆಗೆ ಬೀಗ ಹಾಕಿ ಹೊರಟೆ. ಕಳಿಸುವುದಿದ್ದರೆ ನಡೆಯುವವಳನ್ನೇ ಕಳಿಸಲಿ. ಅರ್ಧ ದಾರಿ ದಾಟಿದ್ದೆ, ಹಿಂದಿನಿಂದ ಬಂದ ದೊಡ್ಡ ಬಿಳಿ ಕಾರೊಂದು ನನ್ನನ್ನು ದಾಟಿ ನಿಂತಿತು. ಇವತ್ತಿನ ಮೊದಲ ಉಪಕಾರ ಬಂತು ಎಂದು ಹಲ್ಲು ಕಚ್ಚಿದೆ. ಬಾಗಿಲು ತೆರೆಯಿತು. ಮೊದಲು ಕೆಳಗಿಳಿದದ್ದು ಒಂದು ಕೋಲು. ಆಮೇಲೆ ಆ ಶೂಗಳು, ಮಣ್ಣು ತಾಗದ ಬಿಳಿ ಶೂಗಳು. ಆಮೇಲೆ ಕಪ್ಪು ಅಬಾಯಾ ತೊಟ್ಟು ಮುಖಪರದೆ ಹಾಕಿದ ಅಜ್ಜಿ.

"ಯಲ್ಲಾ," ಎಂದರು, ನಡಿ ಹೋಗೋಣ ಎನ್ನುವಂತೆ.

ನಾನು ಓಡಿಹೋಗಿ ತೋಳು ಹಿಡಿದೆ. ಒಂದು ಹೆಜ್ಜೆ, ಎರಡು ಹೆಜ್ಜೆ. ಡ್ರೈವರ್ ಬಾಗಿಲು ತೆರೆದಿಟ್ಟುಕೊಂಡೇ ಹಿಂದಿನಿಂದ ಆಮೆಯ ಹಾಗೆ ಕಾರು ತಂದರು, ದೀಪಗಳನ್ನು ಮಿಣುಕಿಸುತ್ತ. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾರು ಬಂತು. ಅದು ದಾಟಿ ಹೋಗಲಿಲ್ಲ. ಮತ್ತೊಂದು ಪಿಕಪ್ ಬಂತು, ಅದೂ ಹೋಗಲಿಲ್ಲ. ಆಗ ಹೊಳೆಯಿತು: ಆ ಹಿರಿಯಾಕೆ ಕಾಲ್ನಡಿಗೆಯಲ್ಲಿರುವಾಗ ಅವರನ್ನು ದಾಟಿ ಕಾರು ಓಡಿಸುವ ಧೈರ್ಯ ಆ ಊರಿನಲ್ಲಿ ಯಾರಿಗೂ ಇಲ್ಲ. ಲಿಫ್ಟ್ ಬೇಕೇ ಎಂದು ಕೇಳುವ ಧೈರ್ಯವೂ ಇಲ್ಲ. ಹಾರ್ನ್ ಒತ್ತದೆ, ಸಾಲಾಗಿ ಎಲ್ಲ ತೆವಳಿದವು. ನಾನು ತಿರುಗಿ ನೋಡಿದಾಗ ಏಳನೆಯದು ನಮ್ಮ ಕ್ಲಿನಿಕ್ಕಿನ ವ್ಯಾನ್. ಮುಂದಿನ ಸೀಟಿನಲ್ಲಿ ಮ್ಯಾನೇಜರ್ ಕರ್ಚೀಫಿನಿಂದ ಹಣೆ ಒರೆಸಿಕೊಳ್ಳುತ್ತಿದ್ದರು.

ತೊಂಬತ್ತು ಹೆಜ್ಜೆಗೆ ಅಜ್ಜಿಯ ಉಸಿರು ಜೋರಾಯಿತು. ಸಾಕು, ಇನ್ನು ಕೂತುಕೊಳ್ಳಿ ಎಂದೆ. ಕಾರಿನಲ್ಲಿ ಕೂತು ಅವರು ಪಕ್ಕದ ಜಾಗ ತಟ್ಟಿ ತೋರಿಸಿದರು. ನೀನೂ ಹತ್ತು. ಸಾಲಿನಲ್ಲಿದ್ದ ಎಲ್ಲರೂ ನೋಡುತ್ತಿದ್ದರು. ಊರಿನ ಎದುರು ಅವರ ಮಾತು ತೆಗೆದುಹಾಕುವುದೆಂದರೆ ಏನೆಂದು ನನಗೆ ಗೊತ್ತಿತ್ತು. ಹತ್ತಿದ್ದರೆ ಎಲ್ಲ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಮ್ಯಾನೇಜರಿಗೂ ಜೀವ ಬರುತ್ತಿತ್ತು. ನಾನು ಬೆನ್ನಿನ ಚೀಲ ಸರಿಮಾಡಿಕೊಂಡೆ.

"ನಾನು ನಡೀತೇನೆ. ನಾಳೆ ನೂರು ಹೆಜ್ಜೆ ಅಂತ ಹೇಳಿ," ಎಂದೆ ಡ್ರೈವರಿಗೆ, ತುಳುವಿನಲ್ಲಿ.

ಡ್ರೈವರ್ ಈ ಸಲ ನಿಜವಾಗಿಯೂ ತಡವರಿಸಿದರು. ಆದರೂ ಹೇಳಿದರು. ಅಜ್ಜಿ ಮುಖಪರದೆಯ ಹಿಂದೆ ಭುಜ ಕುಲುಕುವಷ್ಟು ನಕ್ಕರು, ಬಾಗಿಲು ಎಳೆದುಕೊಂಡರು. ಆದರೆ ಕಾರು ಮುಂದೆ ಹೋಗಲಿಲ್ಲ. ನನ್ನ ಹಿಂದೆಯೇ ಬರುವಂತೆ ಅವರು ಹೇಳಿದ್ದರು. ಅವರನ್ನು ದಾಟಲಾಗದ ಉಳಿದವರೂ ಬಂದರು. ಕ್ಲಿನಿಕ್ಕಿನ ಗೇಟಿನವರೆಗೆ ನಾನು ಮುಂದೆ, ಊರಿಗೆ ಊರೇ ಹಿಂದೆ.

ಮಧ್ಯಾಹ್ನ ಮ್ಯಾನೇಜರ್ ಅಜ್ಜಿಯ ಫೈಲು ಹಿಡಿದುಕೊಂಡು ಬಂದರು. ನನ್ನ ಮುಖ ನೋಡಲಿಲ್ಲ.

"ಹೊರಗೆ ನಡೆಸುದು ಚಿಕಿತ್ಸೆ ಅಂತ ಇದ್ರಲ್ಲಿ ಬರೀರಿ. ದಿನಾ ಬೆಳಿಗ್ಗೆ, ಫಿಸಿಯೋ ಜೊತೆ ಅಂತ. ಹಮ್ದಾನ್ ಸ್ಟ್ರೀಟಿಗೆ ನಾನು ಅದನ್ನೇ ಕಳಿಸ್ತೇನೆ."

ಬರೆದೆ. ವರ್ಗಾವಣೆಯ ಮಾತು ಅಲ್ಲಿಗೆ ನಿಂತಿತು. ಆದರೆ ಸುಳ್ಳು ಹೇಳುವುದಿಲ್ಲ, ಗೆದ್ದ ಖುಷಿಯೊಳಗೆ ಒಂದು ಮುಳ್ಳೂ ಇತ್ತು. ನಾನು ನಡೆಯಲು ಒಂದು ಚಿಕಿತ್ಸೆಯ ಹೆಸರು ಬೇಕಾಯಿತು, ದೊಡ್ಡ ಮನೆಯ ಅಜ್ಜಿ ಬೇಕಾದರು. ಇಷ್ಟ ಎಂಬ ನನ್ನ ಕಾರಣ ಯಾವ ಫೈಲಿನಲ್ಲೂ ಹಿಡಿಸಲಿಲ್ಲ.

ಅದಕ್ಕೇ ಭಾನುವಾರ ರಜೆಯಾದರೂ ಆ ರಸ್ತೆಗೆ ಇಳಿಯುತ್ತೇನೆ. ಆ ದಿನ ಯಾರ ಚಿಕಿತ್ಸೆಯೂ ಇಲ್ಲ, ಹೋಗಬೇಕಾದ ಕ್ಲಿನಿಕ್ಕೂ ಇಲ್ಲ. ಕಾರುಗಳು ಈಗಲೂ ನಿಲ್ಲುತ್ತವೆ, ಗಾಜು ಇಳಿಯುತ್ತದೆ, ಸಲಾಂ ಆಗುತ್ತದೆ. ಕಾರು ಎಲ್ಲಿ ಎಂದು ಮಾತ್ರ ಈಗ ಯಾರೂ ಕೇಳುವುದಿಲ್ಲ. ಅಜ್ಜಿ ಎಲ್ಲಿ ಎಂದು ಕೇಳುತ್ತಾರೆ. ಅವರು ಮನೆಯಲ್ಲಿದ್ದಾರೆ, ಇವತ್ತು ನಾನು ನನಗೋಸ್ಕರ ನಡೆಯುತ್ತಿದ್ದೇನೆ ಎನ್ನುತ್ತೇನೆ. ನಂಬುವವರೆಗೂ ಹೇಳುತ್ತೇನೆ.