ಘಾಟಿಯಲ್ಲಿ ಬಡಿದುಕೊಂಡ ಎಂಜಿನ್

ಎಂಬತ್ತರ ದಶಕದ ಮೊದಲಲ್ಲಿ, ನನ್ನ ಹಳೆಯ ಕಾರಿಗೆ ಮಾಮೂಲಿ ಪೆಟ್ರೋಲ್ ಸಾಲದೆಂಬ ಹುಚ್ಚು ನನಗೆ ಹಿಡಿಯಿತು. ಡ್ರೈವರ್‌ನನ್ನು ಹೊಸೂರಿಗೆ ಕಳಿಸಿ ದುಬಾರಿಯ ತೊಂಬತ್ತಮೂರು ಆಕ್ಟೇನ್ ಪೆಟ್ರೋಲ್ ತುಂಬಿಸಿದೆ. ಗಾಡಿ ಇನ್ನೂ ಚೆನ್ನಾಗಿ ಎಳೆಯಲೆಂದು ನಾನೇ ಬಾನೆಟ್ ಎತ್ತಿ, ಕಿಡಿ ಬೇಗ ಹಾರುವಂತೆ ಡಿಸ್ಟ್ರಿಬ್ಯೂಟರ್ ತಿರುಗಿಸಿದೆ. “ಬ್ಯಾಡ ಸಾಮಿ” ಎಂದ ಡ್ರೈವರ್. ನಾನು ಕೇಳಲಿಲ್ಲ.

ಮರುದಿನ ಅಂಚೆಟ್ಟಿಯಿಂದ ಘಾಟಿ ಹತ್ತುವಾಗ, ಡಬ್ಬಿಯಲ್ಲಿ ಮೊಳೆ ಹಾಕಿ ಕುಲುಕಿದಂತೆ ಎಂಜಿನ್ ಬಡಿದುಕೊಂಡಿತು. ಕಮ್ಮಿ ದರ್ಜೆಯ ಪೆಟ್ರೋಲ್ ಹಾಕಿದರೆ ಎಂಜಿನ್ ಹೀಗೆ ಬಡಿಯುತ್ತದೆಂದು ಕೇಳಿದ್ದೆ. ನನ್ನ ತಲೆ ಕೆಟ್ಟುಹೋಯಿತು. ಗಾಡಿ ನಿಲ್ಲಿಸಲು ಹೇಳಿ, ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್ ಕೈಗೆತ್ತಿಕೊಂಡೆ.

“ಮಾಮೂಲಿದೇ ಹಾಕ್ಸಿ ಮಿಕ್ಕಿದ್ ದುಡ್ ನುಂಗ್ಬುಟ್ಟೇನ್ಲಾ?”

“ಇಲ್ಲ ಸಾಮಿ, ನಮ್ಮಪ್ಪನಾಣೆ...”

ಮಾತು ಮುಗಿಸಲು ಬಿಡಲಿಲ್ಲ. ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದಕ್ಕೆ ಅವನು ಕೈ ಅಡ್ಡ ಹಿಡಿದ. ಮಣಿಕಟ್ಟು ಲಟಕ್ಕೆಂದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಡೆಂಕಣಿಕೋಟೆಯವರೆಗೆ ನಾನೇ ಓಡಿಸಿದೆ. ಅವನನ್ನು ಆಸ್ಪತ್ರೆಗೆ ಕರೆದೊಯ್ಯುವ ಮೊದಲು, ಕಳ್ಳತನ ಸಾಬೀತು ಮಾಡಲೆಂದೇ ಮೆಕಾನಿಕ್ ಬಳಿ ನಿಲ್ಲಿಸಿದೆ. ಇಳಿಯುವಾಗ ಹ್ಯಾಂಡಲನ್ನು ಮತ್ತೆ ಕೈಗೆತ್ತಿಕೊಂಡಿದ್ದೆ. ಮೆಕಾನಿಕ್ ಟ್ಯಾಂಕಿನಿಂದ ಒಂದಿಷ್ಟು ಪೆಟ್ರೋಲ್ ತೆಗೆದು ಬಣ್ಣ ನೋಡಿದ. ಆಮೇಲೆ ಡಿಸ್ಟ್ರಿಬ್ಯೂಟರನ್ನು ಹಿಂದಕ್ಕೆ ತಿರುಗಿಸಿ, ಏರಿನಲ್ಲಿ ಒಂದು ಸುತ್ತು ಓಡಿಸಿ ಬಂದ. ಬಡಿತ ನಿಂತಿತ್ತು.

“ಪೆಟ್ರೋಲ್ ದುಬಾರಿದೇ ಐತೆ. ಆದ್ರೆ ಈ ಗಾಡಿಗೆ ಮಾಮೂಲಿದೇ ಸಾಕಿತ್ತು. ಇದನ್ನ ಹಿಂಗ್ ತಿರುಗ್ಸಿದ್ದು ಯಾರು?”

ಟವೆಲ್ ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ ಡ್ರೈವರ್, ಇನ್ನೊಂದು ಕೈಯನ್ನು ನನ್ನತ್ತ ಚಾಚಿದ.

“ಕೊಡ್ಲಾ ಇತ್ತ, ಆ ಹ್ಯಾಂಡ್ಲು.”