ಮನೇಲಿ ಅತ್ತೆ ಇದಾರಲ್ಲ

ಮೆಲ್ಬರ್ನ್ ಹೊರವಲಯದ ಟ್ರುಗನಿನಾದಲ್ಲಿ ಮೊಮ್ಮಗಳನ್ನು ಶಾಲೆಯಿಂದ ಕರೆತರುವಾಗ ನಡುರಸ್ತೆಯಲ್ಲಿ ನನ್ನ ಮಂಡಿ ಕೈಕೊಟ್ಟಿತು. ಕುಸಿದು ಕೂತೆ. ಐದು ವರ್ಷದ ಮಗು ಕೈ ಬಿಡಿಸಿಕೊಂಡು ಓಡಿತು. ಲಾರಿಯವನು ಬ್ರೇಕ್ ಹಾಕಿದ್ದಕ್ಕೆ ಉಳಿಯಿತು. ಸಂಜೆ ಸೊಸೆಗೆ ಹೇಳಿದೆ, "ದಿನಾ ನನ್ನ ಕೈಲಾಗಲ್ಲ. ವಾರಕ್ಕೆ ಎರಡು ದಿನವಾದ್ರೂ ಮನೆಯಿಂದ ಕೆಲಸ ಮಾಡ್ತೀನಿ ಅಂತ ಕೇಳು."

ಗೋದಾಮಿನ ಕಂಪನಿಯಲ್ಲಿ ಅವಳದು ಕಂಪ್ಯೂಟರ್ ಕೆಲಸ. ಮ್ಯಾನೇಜರ್ ಸಿಡ್ನಿಯ ಪ್ಯಾರಮಟ್ಟಾದಲ್ಲಿ ಕೂರುವವನು, ಬೆಂಗಳೂರಿನವನೇ, ಮೆಲ್ಬರ್ನ್‌ಗೆ ಬಂದಾಗ ನನ್ನ ಕೈಯ ಮುದ್ದೆ ಉಂಡು ಹೋಗಿದ್ದ. ಸೊಸೆ ಫೋನಿನಲ್ಲಿ ಕೇಳಿದಳು. ಸ್ಪೀಕರಿನಲ್ಲಿ ಅವನ ನಗು ನನಗೂ ಕೇಳಿಸಿತು.

"ಮನೇಲಿ ನಿಮ್ಮತ್ತೆ ಇದಾರಲ್ಲ! ಆಂಟಿ ಗಟ್ಟಿಮುಟ್ಟಾಗಿದಾರೆ. ನಿಮಗ್ಯಾಕೆ ವರ್ಕ್ ಫ್ರಮ್ ಹೋಮ್?"

ಈ ದೇಶದವನಾಗಿದ್ದರೆ ಮನೆಯಲ್ಲಿ ಅತ್ತೆ ಇರುವುದೇ ಅವನಿಗೆ ಗೊತ್ತಿರುತ್ತಿರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ಹೊಲಿದಿದ್ದೇನೆ. ಅಲ್ಲಿ ಬಾಯಲ್ಲಿ ಕೇಳಿದ ರಜೆ ಯಾರಿಗೂ ಸಿಕ್ಕಿದ್ದಿಲ್ಲ. "ಇಲ್ಲಿ ಇದಕ್ಕೆ ಕಾನೂನಿಲ್ವಾ?" ಎಂದೆ. ಸೊಸೆ ಹುಡುಕಿದಳು. ಇತ್ತು, ಈಚೆಗೆ ಬಿಗಿ ಮಾಡಿದ್ದರು. ಚಿಕ್ಕ ಮಗುವಿನ ತಾಯಿ ಬರೆದು ಕೇಳಿದರೆ ಕಂಪನಿ ಇಪ್ಪತ್ತೊಂದು ದಿನದೊಳಗೆ ಬರೆದೇ ಉತ್ತರ ಕೊಡಬೇಕು. ಆಗಲ್ಲ ಅಂದರೆ ಕೆಲಸಕ್ಕೆ ಏನು ತೊಂದರೆ ಎಂದು ತೋರಿಸಬೇಕು.

ಮಗ ಅಡ್ಡ ಬಂದ. "ಅಮ್ಮ, ನಮ್ಮ ವೀಸಾ ಇರೋದೇ ಆ ಕಂಪನಿ ಮೇಲೆ. ಇಲ್ಲೇ ಕಾಯಂ ಇರೋಕೆ ಪಿಆರ್ ಬರೋವರೆಗೂ ಬಾಯ್ಮುಚ್ಕೊಂಡಿರೋಣ."

"ಸರಿ. ನಾಳೆಯಿಂದ ನೀನೇ ಹೋಗಿ ಮಗೂನ ಕರ್ಕೊಂಡು ಬಾ."

ಆ ಹೊತ್ತಿಗೆ ಅವನಿಗೆ ಶಿಫ್ಟು. ಸೊಸೆ ಬರೆದು ಕಳಿಸಿದಳು.

ಉತ್ತರ ಬರುವವರೆಗೂ ದಿನಾ ಸೆರಗಿನ ತುದಿಯನ್ನು ಮಗುವಿನ ಮಣಿಕಟ್ಟಿಗೆ ಕಟ್ಟಿಕೊಂಡು ಆ ರಸ್ತೆ ದಾಟುತ್ತಿದ್ದೆ. "ಅಜ್ಜಿ, ಟೂ ಟೈಟ್!" ಅನ್ನುತ್ತಿತ್ತು. ಬಿಚ್ಚುತ್ತಿರಲಿಲ್ಲ.

ಹತ್ತೊಂಬತ್ತನೇ ದಿನ ಮ್ಯಾನೇಜರ್ ಉತ್ತರ ಬಂತು: ಸಾಧ್ಯವಿಲ್ಲ, ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಅತ್ತೆ ಇದ್ದಾರೆ.

"ಕೆಲಸಕ್ಕೇನು ತೊಂದ್ರೆ ಅಂತ ಬರ್ದಿದಾನೆ?"

"ಅದೇನೂ ಇಲ್ಲ ಅತ್ತೆ. ಬರೀ ನಿಮ್ಮ ವಿಷಯಾನೇ."

"ನಾನೇನು ಅವನ ಕಂಪನಿ ಆಳಾ? ಇದನ್ನೇ ಬರ್ದು ವಾಪಸ್ ಕಳ್ಸು. ಅವನ ಮೇಲಿನವ್ರಿಗೂ ಹಾಕು."

ಬರೆದಳು, ಮೇಲಿನವರ ಹೆಸರೂ ಸೇರಿಸಿದಳು. ಕಳಿಸುವ ಬಟನ್ ಒತ್ತಿದಳು. ಹತ್ತೇ ನಿಮಿಷಕ್ಕೆ ಮ್ಯಾನೇಜರ್ ಫೋನು. ಎತ್ತಲು ಹೋದವಳ ಕೈ ಹಿಡಿದೆ. "ಹೇಳೋದಿದ್ರೆ ಬರ್ದು ಹೇಳ್ಲಿ." ಫೋನು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮಗ ಎದ್ದು ಹೊರಗೆ ಹೋದ.

ಅದಾಗಿ ನಾಲ್ಕನೇ ದಿನ ಮೇಲಿನವರಿಂದ ಉತ್ತರ ಬಂತು: ಮಂಗಳವಾರ, ಗುರುವಾರ ಮನೆಯಿಂದಲೇ ಕೆಲಸ ಮಾಡಬಹುದು. ಪಿಆರ್ ಮಾತು ಅದರಲ್ಲಿ ಇರಲಿಲ್ಲ. ವೀಸಾಕ್ಕೇನಾದರೂ ಆಯಿತೋ ಎಂದು ಮಗ ಇನ್ನೂ ಬೆಳಿಗ್ಗೆ ಎದ್ದವನೇ ಮೇಲ್ ನೋಡುತ್ತಾನೆ. ಉಳಿದ ಮೂರು ದಿನ ನಾನು ಸೆರಗು ಕಟ್ಟಿಕೊಂಡು ರಸ್ತೆ ದಾಟುತ್ತೇನೆ.